ಜನವರಿ 1ರ ಪಟ್ಟಿ

ಮುಂಬೈಯ ಚೆಂಬೂರು, ಮಾನ್‌ಖುರ್ದ್ ಕಡೆಯ ಕನ್ನಡದ ಮನೆಗಳಿಗೆ ಟ್ರಾಂಬೆಯ ಅಣುಕೇಂದ್ರ ನೆರೆಮನೆಯಿದ್ದ ಹಾಗೆ. ಹಾಗಾಗಿ ಈ ಪಟ್ಟಿ ನಮಗೆ ದೂರದ ಸುದ್ದಿಯಲ್ಲ. ಭಾರತ, ಪಾಕಿಸ್ತಾನ ಪ್ರತಿ ಜನವರಿ 1ರಂದು ತಮ್ಮ ಪರಮಾಣು ಸ್ಥಾವರಗಳ ಪಟ್ಟಿಯನ್ನು ಅಕ್ಷಾಂಶ ರೇಖಾಂಶ ಸಮೇತ ಕೊಟ್ಟುಕೊಳ್ಳುತ್ತವೆ, ಇವುಗಳ ಮೇಲೆ ದಾಳಿ ಮಾಡುವಂತಿಲ್ಲ ಅಂತ. 1988ರ ಒಪ್ಪಂದ. 1992ರಿಂದ ನಡೆದಿದೆ, ಕಾರ್ಗಿಲ್ ಆದಮೇಲೂ ನಿಲ್ಲಲಿಲ್ಲ.

ಆದರೆ ಪಟ್ಟಿ ಪೂರ್ತಿಯೇ ಎಂದು ನೋಡಲು ತಪಾಸಣೆಯಿಲ್ಲ. ಇದರಿಂದ ಒಂದು ಸಿಡಿತಲೆಯೂ (ಕ್ಷಿಪಣಿ ಹೊರುವ ಅಣುಬಾಂಬು) ಕಡಿಮೆಯಾಗುವುದಿಲ್ಲ. ಕಡಿತಕ್ಕೆ ಎಣಿಕೆ ಬೇಕು. 2026ರ ಫೆಬ್ರವರಿಯಲ್ಲಿ ಅವಧಿ ಮುಗಿದ ಅಮೆರಿಕ-ರಷ್ಯಾದ 2010ರ ನ್ಯೂ ಸ್ಟಾರ್ಟ್ ಅಣ್ವಸ್ತ್ರ ಕಡಿತ ಒಪ್ಪಂದದಲ್ಲಿ ಒಂದೊಂದು ದೇಶಕ್ಕೆ ನಿಯೋಜಿತ ಸಿಡಿತಲೆಗಳ ಮಿತಿ 1,550 ಇತ್ತು, ವರ್ಷಕ್ಕೆ 18ರವರೆಗೆ ತಪಾಸಣೆಗೆ ಅವಕಾಶವಿತ್ತು. ಅಲ್ಲೂ 20 ಕ್ಷಿಪಣಿ ಹೊರಬಲ್ಲ ಅಮೆರಿಕದ ಬಿ-52 ಬಾಂಬರ್ ವಿಮಾನ ಲೆಕ್ಕಕ್ಕೆ ಒಂದೇ ಸಿಡಿತಲೆಯಾಗಿತ್ತು! 'ಮೊದಲು ಬಳಸೆವು' ಎಂದ ನಮ್ಮ 2003ರ ಅಣ್ವಸ್ತ್ರ ನೀತಿಗೆ, ಏಟು ತಿಂದಮೇಲೂ ಉಳಿದು ತಿರುಗೇಟು ಕೊಡುವಷ್ಟಿದ್ದರೆ ಸಾಕು. ಸಂಖ್ಯೆಯ ಪೈಪೋಟಿ ನಮಗೆ ಬೇಡವೇ ಬೇಡ.