ರಮ್ಝಾನ್‌ನಲ್ಲಿ ಮುಂಬೈಗೆ ಹೊರಡುವವರಿಗೆ

ರಮ್ಝಾನ್‌ನಲ್ಲಿ ಮುಂಬೈಗೆ ಹೊರಟಿದ್ದೇವೆ ಎಂದರೆ ಎಲ್ಲರೂ ಮಹಮ್ಮದ್ ಅಲಿ ರಸ್ತೆಯ ತಿಂಡಿಗಳ ಪಟ್ಟಿ ಕೊಡುತ್ತಾರೆ. ಉಪವಾಸ, ನಮಾಝ್ ತಪ್ಪದಂತೆ ವಯಸ್ಸಾದವರನ್ನು ಕರೆದುಕೊಂಡು ಹೋಗುವುದು ಹೇಗೆಂದು ಹೇಳುವವರು ಕಡಿಮೆ. ಅದನ್ನೇ ಬರೆಯುತ್ತಿದ್ದೇನೆ.

ಮಂಗಳೂರಿನಿಂದ ಉಮ್ಮನೊಂದಿಗೆ (ತಾಯಿ) ಮತ್ಸ್ಯಗಂಧಾ ಹತ್ತಿದೆ. ಮಧ್ಯಾಹ್ನ ಹೊರಟು ಮರುದಿನ ಬೆಳಿಗ್ಗೆ ಕುರ್ಲಾ ಮುಟ್ಟುವ ರೈಲಾದ್ದರಿಂದ ಸಂಜೆ ಉಪವಾಸ ತೊರೆಯುವ ಇಫ್ತಾರ್, ನಸುಕಿಗೆ ಮುಂಚಿನ ಊಟವಾದ ಸಹರಿ ಎರಡೂ ದಾರಿಯಲ್ಲೇ. ಸೂರ್ಯಾಸ್ತವನ್ನು ರೈಲು ಇರುವ ಜಾಗದ ಲೆಕ್ಕದಲ್ಲಿ ನೋಡಿಕೊಳ್ಳಿ, ಊರಿನ ವೇಳಾಪಟ್ಟಿ ನಡೆಯುವುದಿಲ್ಲ. ನಸುಕಿನಲ್ಲಿ ಪ್ಯಾಂಟ್ರಿಯನ್ನು ನಂಬಬೇಡಿ. ಅಕ್ಕಿ ರೊಟ್ಟಿ, ಖರ್ಜೂರ, ಬಾಳೆಹಣ್ಣು, ವುಝೂಗೆ (ನಮಾಝ್‌ಗೆ ಮುನ್ನ ಕೈಕಾಲು, ಮುಖ ತೊಳೆಯಲು) ಬೇರೆ ನೀರಿನ ಬಾಟಲಿ ಜೊತೆಗಿರಲಿ.

ಉಮ್ಮನಿಗೆ ಸಕ್ಕರೆ ಕಾಯಿಲೆ. ಆದರೂ ಉಪವಾಸ ಬಿಡಲು ಅವರಿಗೆ ಮನಸ್ಸಿಲ್ಲ. ರೋಗಿಗಳೂ ಪ್ರಯಾಣಿಕರೂ ಉಪವಾಸ ಬಿಟ್ಟು ಬೇರೆ ದಿನಗಳಲ್ಲಿ ತೀರಿಸಬಹುದೆಂದು ಕುರ್‌ಆನಿನ ಅಲ್‌ಬಕರಾ ಅಧ್ಯಾಯದ 184 ಮತ್ತು 185ನೇ ವಚನಗಳೇ ಹೇಳುತ್ತವೆ. ಅಲ್ಲಾಹನೇ ಕೊಟ್ಟ ರಿಯಾಯಿತಿಯನ್ನು ಪಡೆಯಲು ಸಂಕೋಚವೇಕೆ ಎಂದಾಗ ಒಪ್ಪಿದರು. ಒಂದು ಎಚ್ಚರ: ನಸುಕಿಗೆ ಊರಲ್ಲೇ ಉಪವಾಸ ಆರಂಭಿಸಿ ಆಮೇಲೆ ಹೊರಟರೆ, ನಾವು ಅನುಸರಿಸುವ ಶಾಫಿ ಮದ್ಹಬಿನಲ್ಲಿ (ಧಾರ್ಮಿಕ ನಿಯಮಗಳ ಪಂಥ) ಪ್ರಯಾಣದ ಕಾರಣಕ್ಕಷ್ಟೇ ಅಂದಿನ ಉಪವಾಸ ಮುರಿಯುವಂತಿಲ್ಲ. ಕಾಯಿಲೆಯ ಮಾತು ಬೇರೆ. ವೈದ್ಯರನ್ನು ಮೊದಲೇ ಕೇಳಿಕೊಳ್ಳಿ.

ನಮಾಝ್‌ಗೂ ಸೌಲಭ್ಯವಿದೆ. ಸುಮಾರು 80 ಕಿಲೋಮೀಟರ್ ಮೀರಿದ ಪ್ರಯಾಣದಲ್ಲಿ ನಾಲ್ಕು ರಕಅತ್‌ನ (ನಮಾಝ್‌ನ ಒಂದು ಸುತ್ತು) ನಮಾಝ್ ಎರಡಕ್ಕೆ ಇಳಿಯುತ್ತದೆ. ನಸುಕಿನ ಫಜ್ರ್‌ನ ಎರಡು, ಸೂರ್ಯಾಸ್ತದ ಮಗ್ರಿಬ್‌ನ ಮೂರು ಹಾಗೆಯೇ ಉಳಿಯುತ್ತವೆ. ನಾವು ಶಾಫಿಗಳು ಮಗ್ರಿಬ್, ರಾತ್ರಿಯ ಇಶಾ ಸೇರಿಸಿಯೂ ಮಾಡಬಹುದು. ಮುಂಬೈಯಲ್ಲಿ ಸ್ಥಳೀಯ ಇಮಾಮರ ಹಿಂದೆ ನಿಂತರೆ ಮಾತ್ರ ಪೂರ್ತಿ ನಾಲ್ಕು. ಅಲ್ಲಿ ಇನ್ನೊಂದು ಮದ್ಹಬಾದ ಹನಫಿಯ ಮಸೀದಿಗಳು ಹೆಚ್ಚು, ಸಂಜೆಗೆ ಮುಂಚಿನ ಅಸ್ರ್‌ನ ಸಾಮೂಹಿಕ ನಮಾಝ್ ನಮಗಿಂತ ತಡ, ಗಾಬರಿಯಾಗಬೇಡಿ.

ನನಗೆ ಬಹಳ ಹಿಡಿಸಿದ್ದು ಕ್ರಾಫರ್ಡ್ ಮಾರುಕಟ್ಟೆಯ ಸಮೀಪದ ಜಾಮಾ ಮಸೀದಿ. 1802ರಲ್ಲಿ ಪೂರ್ಣಗೊಂಡ ಈ ಕಟ್ಟಡ ಹಳೆಯ ಕೊಳವೊಂದರ ಮೇಲೆ ನಿಂತಿದೆ. ನೀರಿನಿಂದಲೇ ಕಮಾನುಗಳು ಏಳುತ್ತವೆ. ಹೆಂಗಸರಿಗೆ ನಮಾಝ್‌ನ ಜಾಗ ಎಲ್ಲ ಮಸೀದಿಗಳಲ್ಲೂ ಇರುವುದಿಲ್ಲ. ಡೋಂಗ್ರಿಯಲ್ಲಿರುವ ಮಾವ ಮೊದಲೇ ವಿಚಾರಿಸಿಟ್ಟಿದ್ದರಿಂದ ಉಮ್ಮ ಅಲೆಯಬೇಕಾಗಲಿಲ್ಲ.

ಮಿನಾರಾ ಮಸೀದಿಯ ಬೀದಿಗೆ ರಮ್ಝಾನ್ ರಾತ್ರಿಯ ತರಾವೀಹ್ ನಮಾಝ್ ಮುಗಿಸಿಯೇ ಹೋಗಿ. ಮಾಲ್‌ಪುವಾ ತಡರಾತ್ರಿಗೂ ಸಿಗುತ್ತದೆ.

ಹಾಜಿ ಅಲಿ ದರ್ಗಾಕ್ಕೆ ಹೊರಡುವ ಮುನ್ನ ಸಮುದ್ರದ ಉಬ್ಬರದ ಸಮಯ ನೋಡಿ, ದಾರಿ ಮುಳುಗುತ್ತದೆ. ಒಳಗಿನ ಗರ್ಭಗೃಹಕ್ಕೆ ಹೆಂಗಸರೂ ಹೋಗಬಹುದೆಂದು 2016ರಲ್ಲಿ ಬಾಂಬೆ ಹೈಕೋರ್ಟ್ ತೀರ್ಪಿತ್ತಿದೆ. ಆದರೆ ಝಿಯಾರತ್ (ದರ್ಗಾ ಭೇಟಿ) ಇಸ್ಲಾಮಿನ ಐದು ಕಡ್ಡಾಯಗಳಲ್ಲಿ ಸೇರಿಲ್ಲ. ಅದಕ್ಕಾಗಿ ನಮಾಝ್ ತಪ್ಪಿಸಬೇಡಿ.

ಹಜ್‌ನ ಹಡಗುಗಳು ಹೊರಡುತ್ತಿದ್ದದ್ದೂ ಮುಂಬೈ ಬಂದರಿನಿಂದಲೇ, 1995ರವರೆಗೆ. ಉಮ್ಮ ಅವರ ಅಜ್ಜ ಹಾಗೆಯೇ ಹೋದವರು.

ಕಡ್ಡಾಯ ದಾನವಾದ ಝಕಾತ್‌ನ ಶೇಕಡಾ 2.5ರ ಲೆಕ್ಕವನ್ನು ಮನೆಯಲ್ಲೇ ಮುಗಿಸಿ ಬನ್ನಿ, ದಾರಿಯ ಗದ್ದಲದಲ್ಲಿ ಆಗದು. ಈದ್‌ಗೆ ಅಲ್ಲೇ ಉಳಿಯುವವರು ಈದ್‌ನ ದಾನವಾದ ಫಿತ್ರ್ ಝಕಾತ್ ಅನ್ನು ಈದ್ ನಮಾಝ್‌ಗೆ ಮುಂಚೆ ಅಲ್ಲಿಯ ಬಡವರಿಗೇ ಕೊಡಿ. ನಮ್ಮಲ್ಲಿ ಅಕ್ಕಿಯಾಗಿ ಕೊಡುವುದು ರೂಢಿ, ತಲೆಗೆ ಎರಡೂವರೆಯಿಂದ ಮೂರು ಕಿಲೋ. ಅಕ್ಕಿಯನ್ನು ಊರಿನಿಂದ ಹೊರುವುದು ಬೇಡ, ಮಸೀದಿಯ ಸುತ್ತಲಿನ ಅಂಗಡಿಗಳಲ್ಲಿ ಸಿಗುತ್ತದೆ.