ಗುಡ್ಡ ಜಾರಿದ್ದು ಯಾರ ತಪ್ಪು ಎಂದು ಕೇಳುವವರಿಗೆ

ಮುಂಗಾರು ಹಿಡಿದ ಕೂಡಲೇ ಈ ಪ್ರಶ್ನೆಯೂ ಹಿಡಿಯುತ್ತದೆ. ಮದುವೆ ಊಟದ ಪಂಕ್ತಿಯಲ್ಲಿ ಕೇಳುತ್ತಾರೆ, ಮಡಿಕೇರಿಯ ಬಸ್ ನಿಲ್ದಾಣದಲ್ಲಿ ಕೇಳುತ್ತಾರೆ, ಬೆಂಗಳೂರಿನಲ್ಲಿರುವ ಹಳೆಯ ವಿದ್ಯಾರ್ಥಿಗಳು ಫೋನ್ ಮಾಡಿಯೂ ಕೇಳುತ್ತಾರೆ: “ಸರ್, 2018ರಲ್ಲಿ ಕೊಡಗಿನಲ್ಲಿ ಗುಡ್ಡಗಳು ಜಾರಿದ್ದು ಪ್ರಕೃತಿ ವಿಕೋಪವೋ, ಮನುಷ್ಯರು ಮಾಡಿಕೊಂಡದ್ದೋ?” ನಾನು ಸಮಾಜಶಾಸ್ತ್ರ ಪಾಠ ಮಾಡುವವನೆಂದು ತಿಳಿದವರು ಅದಕ್ಕೊಂದು ಬಾಲವನ್ನೂ ಸೇರಿಸುತ್ತಾರೆ: “ಅಲ್ಲ ಸರ್, ಕಲ್ಲು ಮಣ್ಣಿನ ವಿಷಯದಲ್ಲಿ ನಿಮ್ಮ ಶಾಸ್ತ್ರಕ್ಕೇನು ಕೆಲಸ?”

ಬಾಲವೇ ಒಳ್ಳೆಯ ಪ್ರಶ್ನೆ. ಅಲ್ಲಿಂದಲೇ ಶುರು ಮಾಡುತ್ತೇನೆ.

ಏನೂ ಕೆಲಸವಿಲ್ಲ ಎಂದೇ ನಮ್ಮ ಶಾಸ್ತ್ರ ಬಹುಕಾಲ ನಂಬಿಕೊಂಡಿತ್ತು. ಒಂದು ಸಾಮಾಜಿಕ ಸಂಗತಿಯ ಕಾರಣವನ್ನು ಇನ್ನೊಂದು ಸಾಮಾಜಿಕ ಸಂಗತಿಯಲ್ಲೇ ಹುಡುಕಬೇಕು ಎಂದು 1895ರಲ್ಲಿ ಫ್ರೆಂಚ್ ಸಮಾಜಶಾಸ್ತ್ರಜ್ಞ ಎಮಿಲ್ ಡರ್ಕೈಮ್ ಗೆರೆ ಎಳೆದ. ಜನರ ಗುಣವನ್ನು ಹವೆಗೂ ರಕ್ತಕ್ಕೂ ಗಂಟು ಹಾಕುವ ವಾದಗಳು ಮೆರೆಯುತ್ತಿದ್ದ ಕಾಲದಲ್ಲಿ ಆ ಗೆರೆ ಬೇಕಾಗಿತ್ತು. ಆದರೆ ಭೂಮಿ ಗೆರೆಯ ಆಚೆಗೇ ಉಳಿದುಹೋಯಿತು. ಕೊಡಗಿನ ಬಗ್ಗೆ ಬಂದ ಸಮಾಜಶಾಸ್ತ್ರದ ಪುಸ್ತಕಗಳಲ್ಲಿ ಎಲ್ಲಕ್ಕಿಂತ ಹೆಸರಾದದ್ದು ಎಂ. ಎನ್. ಶ್ರೀನಿವಾಸ್ ಅವರು 1952ರಲ್ಲಿ ಪ್ರಕಟಿಸಿದ್ದು. ಕೆಳಜಾತಿಗಳು ಮೇಲ್ಜಾತಿಗಳ ಆಚಾರಗಳನ್ನು ಅನುಕರಿಸಿ ಮೇಲೇರಲು ನೋಡುವ ಸಂಸ್ಕೃತೀಕರಣ ಎಂಬ ಪರಿಕಲ್ಪನೆ ಬೇರೂರಿದ್ದೇ ಆ ಅಧ್ಯಯನದಲ್ಲಿ. ಒಕ್ಕ ಎಂಬ ಪಿತೃವಂಶದ ಕುಟುಂಬ, ಅದರ ಮೂಲಮನೆಯಾದ ಐನ್‌ಮನೆ, ಮಂಗಲ ಕ್ರಿಯೆಗಳು, ಕಾವೇರಿಯ ಆರಾಧನೆ ಎಲ್ಲವೂ ಅಲ್ಲಿ ಜೀವ ತಳೆದಿವೆ. ಬೆಟ್ಟವೂ ಇದೆ, ಆದರೆ ಸುಮ್ಮನೆ ನಿಂತಿದೆ. ಶ್ರೀನಿವಾಸರನ್ನು ದೂರುವುದು ನನ್ನ ಉದ್ದೇಶವಲ್ಲ. ಬೆಟ್ಟ ಸುಮ್ಮನೆ ನಿಂತಿರುತ್ತದೆ ಎಂದು ಆಗ ಎಲ್ಲರೂ ಎಣಿಸಿದ್ದರು.

ನಮ್ಮ ಕಾಲ ಕೆಳಗಿನ ಬಂಡೆಯ ಕಥೆ ಬೇರೆ. ಕೊಡಗಿನ ತಳದಲ್ಲಿರುವುದು ಹೆಚ್ಚಾಗಿ ಚಾರ್ನೊಕೈಟ್ ಮತ್ತು ನೈಸ್ ಶಿಲೆಗಳು, ವಯಸ್ಸು 300 ಕೋಟಿ ವರ್ಷಗಳಿಗೂ ಮೇಲೆ. ಇದೊಂದು ಪ್ರತ್ಯೇಕ ಪುಟ್ಟ ಭೂಖಂಡವಾಗಿತ್ತು, ಆಮೇಲೆ ಬಂದು ಧಾರವಾಡ ಶಿಲಾಸಮೂಹಕ್ಕೆ ಅಂಟಿಕೊಂಡಿತು ಎಂಬುದು ಅನೇಕ ಭೂವಿಜ್ಞಾನಿಗಳ ಅಭಿಪ್ರಾಯ. ಅಂಟಿದ ಜಾಗದಲ್ಲಿ ಶಿಲೆಗಳು ನುಜ್ಜುಗುಜ್ಜಾದ ಪಟ್ಟಿಗೆ ಮಡಿಕೇರಿಯ ಇಂಗ್ಲಿಷರ ಕಾಲದ ಹೆಸರನ್ನೇ ಇಟ್ಟು ಮರ್ಕೇರಾ ಶಿಯರ್ ವಲಯ ಎನ್ನುತ್ತಾರೆ. ಸುಮಾರು 9 ಕೋಟಿ ವರ್ಷಗಳ ಹಿಂದೆ ಮಡಗಾಸ್ಕರ್ ಭಾರತದ ಪಶ್ಚಿಮದ ಅಂಚಿನಿಂದ ಕಳಚಿಕೊಂಡಿತು. ಘಟ್ಟದ ಕಡಿದಾದ ಪಡುವಣ ಮೋರೆಯ ಚರಿತ್ರೆಯನ್ನು ಆ ಅಗಲಿಕೆಯಿಂದಲೇ ಹೇಳಬೇಕಾಗುತ್ತದೆ. ಸಂಪಾಜೆ ಘಾಟಿಯ ತಿರುವುಗಳಲ್ಲಿ ವಾಂತಿ ಮಾಡಿಕೊಳ್ಳುವ ಪ್ರವಾಸಿಗರು ಬೈಯಬೇಕಾದದ್ದು ಚಾಲಕನನ್ನಲ್ಲ, ಮಡಗಾಸ್ಕರನ್ನು.

ಈ ಗಟ್ಟಿ ಬಂಡೆಯ ಮೇಲೆ ಮಳೆ ಬಿಸಿಲುಗಳಿಗೆ ಕೊಳೆತು ಮಣ್ಣಾದ ದಪ್ಪ ಪದರವಿದೆ. ಕಾಫಿ ಬೆಳೆಯುವುದು ಅದರಲ್ಲಿ, ಮನೆ ನಿಲ್ಲುವುದು ಅದರ ಮೇಲೆ. ಜೂನ್‌ನಿಂದ ನೆನೆದು ನೆನೆದು ತುಂಬಿದ ಮಣ್ಣಿಗೆ ಆಗಸ್ಟ್‌ನಲ್ಲಿ ಬಿಡದೆ ಮಳೆ ಹೊಯ್ದರೆ ಕಣಗಳ ನಡುವಿನ ನೀರಿನ ಒತ್ತಡ ಏರುತ್ತದೆ, ಕಣಕ್ಕೂ ಕಣಕ್ಕೂ ಇದ್ದ ಹಿಡಿತ ಸಡಿಲುತ್ತದೆ, ಇಳಿಜಾರು ತನ್ನ ಭಾರಕ್ಕೆ ತಾನೇ ಜಾರುತ್ತದೆ. 2018ರ ಆಗಸ್ಟ್ ನಡುವಿನಲ್ಲಿ ಜೋಡುಪಾಲ, ಮಕ್ಕಂದೂರು, ಮುಕ್ಕೋಡ್ಲು, ಹಟ್ಟಿಹೊಳೆಯ ಸುತ್ತಮುತ್ತ ಆದದ್ದು ಇದೇ. ಅದಕ್ಕೂ ಮೊದಲು ಜುಲೈನಲ್ಲಿ ಭೂಮಿ ಲಘುವಾಗಿ ನಡುಗಿತ್ತು, ಜನ ಅದನ್ನೂ ಇದಕ್ಕೆ ಸೇರಿಸಿ ಮಾತಾಡಿಕೊಂಡರು. ಬಂದು ನೋಡಿದ ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣಾ ಸಂಸ್ಥೆಯ ತಜ್ಞರು ಅತಿಮಳೆಯ ಜತೆಗೆ ಇಳಿಜಾರನ್ನು ಕಡಿದದ್ದನ್ನೂ ಕಾರಣವೆಂದರು. ರಸ್ತೆಗೆಂದು, ಮನೆಗೆಂದು, ಹೋಮ್‌ಸ್ಟೇಗೆಂದು ಜೆಸಿಬಿ ಗುಡ್ಡದ ಬುಡವನ್ನೇ ತೆಗೆದಿತ್ತು.

ಹಾಗಾದರೆ ತಪ್ಪು ಮನುಷ್ಯರದ್ದೇ ಆಯಿತಲ್ಲ ಎನ್ನುತ್ತೀರಿ. ನಮ್ಮ ಶಾಸ್ತ್ರಕ್ಕೂ ಇದು ಬಹಳ ಇಷ್ಟವಾದ ಉತ್ತರ. 1755ರ ನವೆಂಬರ್ 1ರಂದು ಲಿಸ್ಬನ್ ನಗರ ಭೂಕಂಪಕ್ಕೆ ಉರುಳಿದಾಗ ವೋಲ್ಟೇರ್ ದೇವರ ನ್ಯಾಯವನ್ನೇ ಪ್ರಶ್ನಿಸಿ ಪದ್ಯ ಬರೆದ. ಅದನ್ನು ಓದಿದ ರೂಸೋ ಮರುವರ್ಷ ಅವನಿಗೆ ಪತ್ರ ಬರೆದು, ಆರೇಳು ಅಂತಸ್ತಿನ ಇಪ್ಪತ್ತು ಸಾವಿರ ಮನೆಗಳನ್ನು ಅಲ್ಲಿ ಒತ್ತೊತ್ತಾಗಿ ಕಟ್ಟಿದ್ದು ಪ್ರಕೃತಿಯಲ್ಲವಲ್ಲ ಎಂದ. 1976ರಲ್ಲಿ ಮೂವರು ಸಂಶೋಧಕರು ನೈಸರ್ಗಿಕ ವಿಪತ್ತು ಎಂಬ ಮಾತಿನಿಂದ ನೈಸರ್ಗಿಕ ಎಂಬುದನ್ನೇ ಕಿತ್ತುಹಾಕಬೇಕೆಂದು ವಾದಿಸಿದರು. ವಿಪತ್ತಿಗೆ ಮೊದಲೇ ಬಡವರನ್ನು ಅಪಾಯದ ಜಾಗಕ್ಕೆ ತಳ್ಳಿದ ವ್ಯವಸ್ಥೆಯನ್ನು ನೋಡಿ ಎಂಬುದು ಅವರ ಮಾತಿನ ಸಾರ.

ಕೊಡಗಿನಲ್ಲಿ ಇದು ಅಕ್ಷರಶಃ ಕಣ್ಣಿಗೆ ಕಾಣುತ್ತದೆ. ಗದ್ದೆಗೆ ಸೊಪ್ಪು, ಒಲೆಗೆ ಸೌದೆ, ದನಕ್ಕೆ ಮೇವು ಎಂದು ವಂಶಪಾರಂಪರ್ಯ ಹಕ್ಕಿನ ಜಮ್ಮಾ ಗದ್ದೆಯ ಜತೆಗೆ ಬಾಣೆ ಎಂಬ ಕಾಡಿನ ಇಳಿಜಾರನ್ನು ಬಿಟ್ಟುಕೊಟ್ಟಿದ್ದರು. 1834ರಲ್ಲಿ ಬ್ರಿಟಿಷರು ಕೊಡಗನ್ನು ವಶಪಡಿಸಿಕೊಂಡ ಮೇಲೆ, 1854ರಲ್ಲಿ ಮಡಿಕೇರಿಯ ಬಳಿ ಜಾನ್ ಫೌಲರ್ ತೋಟ ಹಾಕಿದ ಮೇಲೆ, ಕಾಫಿ ಮೆಲ್ಲನೆ ಬಾಣೆಯ ಇಳಿಜಾರುಗಳನ್ನೂ ಹತ್ತಿತು. ತೋಟಕ್ಕೆ ಆಳು ಬೇಕು, ಆಳಿಗೆ ಸಾಲಾಗಿ ಕಟ್ಟಿದ ಲೈನ್ ಮನೆ. ಲೈನ್ ಮನೆಯಿಂದ ಹೊರಬಿದ್ದವರಿಗೆ ಎಲ್ಲಿ ಜಾಗ? ಯಾರೂ ಬೇಡವೆಂದ ಕಡಿದಾದ ಪೈಸಾರಿಯಲ್ಲಿ, ಅಂದರೆ ಯಾರ ಹೆಸರಿಗೂ ಇಲ್ಲದ ಸರ್ಕಾರಿ ಜಾಗದಲ್ಲಿ. ಮಡಿಕೇರಿ ಪಟ್ಟಣದೊಳಗೂ ಇಂದಿರಾನಗರ, ಚಾಮುಂಡೇಶ್ವರಿ ನಗರದಂಥ ಇಳಿಜಾರಿನ ಬಡಾವಣೆಗಳಲ್ಲಿ ವಾಸಿಸುವವರು ಯಾರು ಎಂದು ವಿಚಾರಿಸಿದರೆ ಸಾಕು. ಇಷ್ಟನ್ನು ಹೇಳಲು ಸಮಾಜಶಾಸ್ತ್ರ ಬೇಕು, ಅದು ಚೆನ್ನಾಗಿಯೇ ಹೇಳುತ್ತದೆ.

ನನಗೆ ತಕರಾರಿರುವುದು ಅಲ್ಲಿಂದ ಮುಂದೆ. ಪತ್ರಿಕೆಗಳಲ್ಲಿ “ಮನುಷ್ಯನ ದುರಾಸೆಗೆ ಪ್ರಕೃತಿಯ ಪೆಟ್ಟು” ಎಂಬ ಶೀರ್ಷಿಕೆ ಕಂಡಾಗಲೆಲ್ಲ ನನಗೆ 1934 ನೆನಪಾಗುತ್ತದೆ. ಆ ಜನವರಿಯಲ್ಲಿ ಬಿಹಾರದಲ್ಲಿ ಭಾರೀ ಭೂಕಂಪವಾಯಿತು. ಇದು ಅಸ್ಪೃಶ್ಯತೆಯ ಪಾಪಕ್ಕೆ ದೇವರು ಕೊಟ್ಟ ಶಿಕ್ಷೆ ಎಂದರು ಗಾಂಧೀಜಿ. ಅಸ್ಪೃಶ್ಯತೆಯನ್ನು ಅವರಷ್ಟೇ ವಿರೋಧಿಸುತ್ತಿದ್ದ ರವೀಂದ್ರನಾಥ ಠಾಕೂರರು ಬಹಿರಂಗವಾಗಿಯೇ ಆಕ್ಷೇಪಿಸಿ, ಭೌತಿಕ ಉತ್ಪಾತಕ್ಕೆ ಭೌತಿಕ ಕಾರಣಗಳೇ ಇರುತ್ತವೆ ಎಂದರು. ದೇವರ ಜಾಗದಲ್ಲಿ ಪ್ರಕೃತಿಯನ್ನೂ ಪಾಪದ ಜಾಗದಲ್ಲಿ ದುರಾಸೆಯನ್ನೂ ಕೂರಿಸಿದರೆ ಇಂದಿನ ಶೀರ್ಷಿಕೆ ಸಿದ್ಧ. ಇದು ಶಿಕ್ಷೆಯೇ ಆಗಿದ್ದರೆ ಬುಡ ಕಡಿಸಿದವನ ಕಟ್ಟಡ ಉಳಿದು ಪೈಸಾರಿಯವನ ಮನೆ ಹೋಗುವುದು ಯಾವ ಸೀಮೆಯ ನ್ಯಾಯ?

ಇನ್ನು 2020ರ ಆಗಸ್ಟ್. ತಲಕಾವೇರಿಯ ಬ್ರಹ್ಮಗಿರಿಯಲ್ಲಿ ಗುಡ್ಡ ಕುಸಿದು ಅರ್ಚಕರ ಕುಟುಂಬ ಮಣ್ಣುಪಾಲಾಯಿತು. ಅದು ಹೋಮ್‌ಸ್ಟೇಗಳ ಗುಡ್ಡವಲ್ಲ. ಅಲ್ಲಿಯೂ ಇಂಗುಗುಂಡಿ ತೋಡಿದ್ದರೆಂಬ ಮಾತು ಕೇಳಿಬಂತು. ಇರಬಹುದು, ಅದನ್ನು ತಜ್ಞರೇ ಹೇಳಲಿ. ನಾನು ಗಮನಿಸಿದ್ದು ಆರೋಪಿಯೊಬ್ಬ ಸಿಗಲೇಬೇಕೆಂಬ ನಮ್ಮ ಆತುರವನ್ನು. ಯಾರೂ ಏನೂ ಮಾಡದಿದ್ದರೂ ಘಟ್ಟದ ಇಳಿಜಾರು ಜಾರಬಲ್ಲದು. ಘಟ್ಟ ತನ್ನ ಇಂದಿನ ಆಕಾರಕ್ಕೆ ಬಂದದ್ದರಲ್ಲಿ ಅಂಥ ಜಾರುವಿಕೆಗಳ ಪಾಲೂ ಇದೆ. ಮರ ನೆಟ್ಟರೆ ಮೇಲ್ಪದರವನ್ನು ಬೇರು ಹಿಡಿದೀತು, ಆದರೆ ಜಾರುವ ಪದರ ಬೇರಿಗಿಂತ ಆಳದಲ್ಲಿದ್ದರೆ ಮರಗಳೂ ನಿಂತ ಭಂಗಿಯಲ್ಲೇ ಕೆಳಗೆ ಬರುತ್ತವೆ. ಹಿರಿಯರಿಗೆ ಎಲ್ಲ ತಿಳಿದಿತ್ತು, ಅದಕ್ಕೇ ಐನ್‌ಮನೆಗಳು ಉಳಿದವು ಎನ್ನುವವರಿಗೂ ಒಂದು ಮಾತು: ಉಳಿದ ಮನೆಗಳಷ್ಟೇ ನಮಗೆ ಕಾಣುತ್ತವೆ. ನಾನೂರು ವರ್ಷಗಳ ಹಿಂದೆ ಮಣ್ಣಿನಡಿ ಹೋದ ಮನೆಯ ಲೆಕ್ಕ ಯಾರ ಬಳಿಯೂ ಇಲ್ಲ.

ವಿದ್ವತ್ ಲೋಕದಲ್ಲೂ ಇದೇ ಜಗಳ ನಡೆದಿದೆ. ಮನುಷ್ಯ ಈಗ ಹವಾಮಾನವನ್ನೇ ಬದಲಿಸುವ ಭೂವೈಜ್ಞಾನಿಕ ಶಕ್ತಿಯೇ ಆಗಿದ್ದಾನೆ, ಆದ್ದರಿಂದ ಮನುಷ್ಯರ ಇತಿಹಾಸವನ್ನೂ ಭೂಮಿಯ ಇತಿಹಾಸವನ್ನೂ ಬೇರೆ ಬೇರೆ ಬರೆಯಲಾಗದು ಎಂದು 2009ರಲ್ಲಿ ಇತಿಹಾಸಕಾರ ದೀಪೇಶ್ ಚಕ್ರವರ್ತಿ ಬರೆದರು. ಯಾವ ಮನುಷ್ಯ, ಉಗಿಯಂತ್ರದ ಒಡೆಯನೋ ಅವನ ಕೂಲಿಯೋ ಎಂದು ಸ್ವೀಡನ್ನಿನ ವಿದ್ವಾಂಸರಾದ ಆಂಡ್ರಿಯಾಸ್ ಮಾಲ್ಮ್ ಮತ್ತು ಆಲ್ಫ್ ಹಾರ್ನ್‌ಬೋರ್ಗ್ 2014ರಲ್ಲಿ ತಿರುಗೇಟು ಕೊಟ್ಟರು. ಮನುಷ್ಯರ ಹೆಸರಿನಲ್ಲೇ ಒಂದು ಭೂಯುಗವನ್ನು ಘೋಷಿಸುವ ಪ್ರಸ್ತಾಪವನ್ನು ಭೂವಿಜ್ಞಾನಿಗಳ ಅಂತರರಾಷ್ಟ್ರೀಯ ಒಕ್ಕೂಟ 2024ರ ಮಾರ್ಚ್‌ನಲ್ಲಿ ತಳ್ಳಿಹಾಕಿತು. ಇವರೆಲ್ಲರಿಗಿಂತ ನನಗೆ ಹತ್ತಿರದವನು ಭೂಗೋಳಶಾಸ್ತ್ರಜ್ಞ ನೈಜೆಲ್ ಕ್ಲಾರ್ಕ್. ನಮ್ಮದೂ ಭೂಮಿಯದೂ ಸರಿಸಮನಾದ ಸಂಬಂಧವಲ್ಲ, ನಮಗೆ ಅದು ಬೇಕು, ಅದಕ್ಕೆ ನಾವು ಬೇಕಾಗಿಲ್ಲ ಎಂದು ಅವನು 2011ರಲ್ಲಿ ಬರೆದ. ನಮ್ಮ ಶಾಸ್ತ್ರಕ್ಕೆ ಇದು ನುಂಗಲಾಗದ ತುತ್ತು. ಎಲ್ಲದರಲ್ಲೂ ಅಧಿಕಾರವನ್ನು ಹುಡುಕುವ ನಮಗೆ, ಯಾರ ಅಧಿಕಾರಕ್ಕೂ ಒಳಪಡದ ಒಂದು ಚಲನೆ ಇದೆ ಎಂದು ಒಪ್ಪಲು ಕಷ್ಟ.

ಒಪ್ಪಿದರೆ ಬುಡ ಕಡಿದವರು ಪಾರಾಗುತ್ತಾರಲ್ಲ ಎಂದು ನನ್ನ ಸಹೋದ್ಯೋಗಿಗಳು ಸಿಟ್ಟಾಗುತ್ತಾರೆ. ನನ್ನ ಎಣಿಕೆ ತದ್ವಿರುದ್ಧ. ಇಳಿಜಾರು ಎಂದಾದರೂ ಜಾರಬಹುದೆಂದು ಗೊತ್ತಿದ್ದೂ ಅದರ ಬುಡ ಕಡಿಯಲು ಪರವಾನಗಿ ಕೊಟ್ಟವನ ಹೊಣೆ, ಗುಡ್ಡ ಸ್ಥಿರವಾಗಿದೆ ಎಂದು ನಂಬಿ ಕೊಟ್ಟವನ ಹೊಣೆಗಿಂತ ದೊಡ್ಡದು. ಹಾಗಾಗಿ ನನ್ನ ಉತ್ತರ ಇಷ್ಟು: ಗುಡ್ಡ ಜಾರುವುದು ಭೂಮಿಯ ಕೆಲಸ. ಯಾವಾಗ, ಎಷ್ಟು, ಯಾರ ಮೇಲೆ ಎಂಬುದರಲ್ಲಿ ನಮ್ಮ ಕೈ ಇದೆ, ಆ ಕೈಗಳಲ್ಲಿ ಕೆಲವು ಬಹಳ ಉದ್ದ. “ಎರಡೂ ಸೇರಿ” ಎಂಬ ಜಾಣ ಉತ್ತರ ನನಗೆ ಸಾಲದು, ಏಕೆಂದರೆ ನಾವು ಸರಿಯಾಗಿ ನಡೆದುಕೊಂಡರೆ ಗುಡ್ಡವೂ ನೆಟ್ಟಗಿರುತ್ತದೆ ಎಂಬ ಆಸೆಯನ್ನು ಅದು ಉಳಿಸಿಬಿಡುತ್ತದೆ.

ಈ ಆಸೆಯ ಮೇಲೆಯೇ ನಮ್ಮ ಕಂದಾಯ ದಾಖಲೆಗಳೂ ನಿಂತಿವೆ. ತೋಟ ಹೊಳೆಯ ಪಾಲಾದರೂ ಪಹಣಿಯಲ್ಲಿ ಎಕರೆ ಹಾಗೇ ಇರುತ್ತದೆ. ಜಂಬೂರು, ಕರ್ಣಂಗೇರಿಯ ಹೊಸ ಬಡಾವಣೆಗಳಲ್ಲಿ ಸಂತ್ರಸ್ತರಿಗೆ ಮನೆ ಕೊಟ್ಟರು, ಒಳ್ಳೆಯದೇ ಆಯಿತು. ಆದರೆ ಕಾಫಿ ಗಿಡ ಮನೆಯ ಜತೆ ಬರುವುದಿಲ್ಲ. ಅಪಾಯದ ಇಳಿಜಾರಿನಲ್ಲಿರುವವರಿಗೆ ಮಳೆಗಾಲದಲ್ಲಿ ಜಾಗ ಖಾಲಿ ಮಾಡಿ ಎಂದು ನೋಟಿಸು ಬರುತ್ತದೆ. ದನ ಎಲ್ಲಿ ಕಟ್ಟುವುದು, ಬಿಟ್ಟುಹೋದರೆ ಹಕ್ಕುಪತ್ರದ ಗತಿಯೇನು ಎಂಬುದಕ್ಕೆ ಅದರಲ್ಲಿ ಉತ್ತರವಿರುವುದಿಲ್ಲ. ಒಂದೇ ಕುಟುಂಬಕ್ಕೆ ಬೇಸಗೆಗೊಂದು, ಮಳೆಗಾಲಕ್ಕೊಂದು ಎಂದು ಎರಡು ಕಡೆ ವಾಸದ ಹಕ್ಕು ಕೊಟ್ಟು, ಒಂದು ಕಡೆಯ ನೆಲ ಹೋದರೆ ಹಕ್ಕು ಇನ್ನೊಂದು ಕಡೆ ಉಳಿಯುವಂತೆ ಭೂಕಂದಾಯ ಕಾನೂನನ್ನು ತಿದ್ದಲು ಸಾಧ್ಯವೇ ಎಂದು ಕಂದಾಯ ಇಲಾಖೆಯ ಗೆಳೆಯರೊಬ್ಬರನ್ನು ಕೇಳಿದೆ. “ಸರ್ವೆ ನಂಬರ್ ಒಂದೇ ಕಡೆ ಇರಬೇಕಲ್ಲ ಸರ್” ಎಂದರು.