ಕಂಡ್ಲು ತಿರಗತಾಂಡಾಯಿ

ಕೋಲಾರದ ಆಸ್ಪತ್ರೆಯೊಂದರ ಹೆಂಗಸರ ವಾರ್ಡು. ಬೆಳಿಗ್ಗೆ ಎಂಟಕ್ಕೆ ರಾತ್ರಿ ಪಾಳಿಯವರಿಂದ ಚಾರ್ಜ್ ತೆಗೆದುಕೊಳ್ಳುವ ಹೊತ್ತು. ಶ್ರೀನಿವಾಸಪುರದ ಕಡೆಯ ಅಜ್ಜಿಯೊಬ್ಬರಿಗೆ ಎರಡು ದಿನದಿಂದ ವಾಂತಿ ಭೇದಿ, ಡ್ರಿಪ್ ಹೋಗುತ್ತಿತ್ತು. ಅವರ ಕೇಸ್ ಶೀಟಿನಲ್ಲಿ ತರಬೇತಿಯ ಹುಡುಗಿ 'ಕಣ್ಣಿನ ತೊಂದರೆ' ಎಂದು ಬರೆದಿದ್ದಳು. ಅದನ್ನು ಓದುವಾಗ ಮಂಚದ ಪಕ್ಕದಲ್ಲಿದ್ದ ಮೊಮ್ಮಗಳು ಎದ್ದು ನಿಂತಳು.

"ಸಿಸ್ಟರ್, ಅವ್ವ ಹೇಳಿದ್ದು 'ಕಂಡ್ಲು ತಿರಗತಾಂಡಾಯಿ' ಅಂತ. ಕಣ್ಣಿಗೇನೂ ಆಗಿಲ್ಲ. ತಲೆ ಸುತ್ತುತ್ತೆ ಅಂತ ಅರ್ಥ."

ಬರೆದವಳು ಧಾರವಾಡದ ಕಡೆಯವಳು, ತೆಲುಗು ಬಾರದು. 'ಕಂಡ್ಲು' ಎಂಬ ಒಂದು ಪದ ಕಣ್ಣಿನಂತೆ ಕೇಳಿಸಿ ಅಲ್ಲಿಗೇ ನಿಂತಿದ್ದಳು. ಕೋಲಾರದಲ್ಲಿ ಹೀಗಾಗುವುದು ಸಹಜ. ಮನೆಯೊಳಗೆ ತೆಲುಗು, ಹೊರಗೆ ಕನ್ನಡ ಆಡುವವರು ಇಲ್ಲಿ ಬಹಳ. ಜ್ವರ, ನೋವು ಬಂದಾಗ ಬಾಯಿಗೆ ಬರುವುದು ಮನೆಯ ಮಾತೇ.

ತಲೆಸುತ್ತು ಎಂದು ತಿಳಿದ ಮೇಲೆ ಮಾಡಬೇಕಾದ ಕೆಲಸವೇ ಬೇರೆ. ಐದು ನಿಮಿಷ ಅಂಗಾತ ಮಲಗಿಸಿ ಬಿಪಿ, ನಾಡಿ ನೋಡಿದೆವು: 118/70, ನಾಡಿ 88. ಮೆಲ್ಲಗೆ ಎಬ್ಬಿಸಿ ನಿಲ್ಲಿಸಿ, ಇಬ್ಬರು ಹಿಡಿದುಕೊಂಡು, ಒಂದು ನಿಮಿಷಕ್ಕೆ ಮತ್ತೆ ನೋಡಿದಾಗ 92/60, ನಾಡಿ 112. ಮೇಲಿನ ಅಂಕಿ 20, ಅಥವಾ ಕೆಳಗಿನದು 10 ಇಳಿದರೂ ಎಚ್ಚರವಾಗಬೇಕು. ಸಾಧಾರಣವಾಗಿ ಮೂರನೇ ನಿಮಿಷಕ್ಕೂ ನೋಡುತ್ತೇವೆ. ಅಜ್ಜಿ ತೂಗಾಡತೊಡಗಿದ್ದರಿಂದ ಆಗಲೇ ಮಲಗಿಸಿದೆವು. ಮೈಯಲ್ಲಿ ನೀರಿನಂಶ ಸಾಲದೆ ಎದ್ದಾಗ ರಕ್ತದೊತ್ತಡ ಕುಸಿಯುತ್ತಿತ್ತು. ಮೇಲಾಗಿ ಮನೆಯಿಂದ ತಂದ ಬಿಪಿ ಮಾತ್ರೆಯೂ ನಡೆದಿತ್ತು. ಡ್ಯೂಟಿ ಡಾಕ್ಟರಿಗೆ ತಿಳಿಸಿದ ಮೇಲೆ ಅದನ್ನು ತಡೆಹಿಡಿದರು. ಕಣ್ಣಿನ ತೊಂದರೆ ಎಂದೇ ಬಿಟ್ಟಿದ್ದರೆ ಅಜ್ಜಿ ಒಬ್ಬರೇ ಬಚ್ಚಲಿಗೆ ಎದ್ದು ಹೋಗಿ ಬಿದ್ದು ಸೊಂಟದ ಮೂಳೆ ಮುರಿದುಕೊಳ್ಳಬಹುದಿತ್ತು.

ಮೊಮ್ಮಗಳು ಬಿ.ಎ. ಕೊನೆಯ ವರ್ಷದಲ್ಲಿದ್ದಳು, ಐಚ್ಛಿಕ ಕನ್ನಡ. ಮಧ್ಯಾಹ್ನ ಡ್ರಿಪ್ ಬದಲಿಸುವಾಗ ಮೆಲ್ಲಗೆ ಕೇಳಿದಳು: "ಇದನ್ನ ಬಿಟ್ಟು ನರ್ಸಿಂಗ್‌ಗೆ ಬರಬಹುದಾ ಸಿಸ್ಟರ್?"

ಮೊದಲು ನೋಡಬೇಕಾದದ್ದು ಬಿ.ಎ. ಅಲ್ಲ, ಪಿಯುಸಿ. ನಾಲ್ಕು ವರ್ಷದ ಬಿ.ಎಸ್ಸಿ. ನರ್ಸಿಂಗ್‌ಗೆ ಪಿಯುಸಿಯಲ್ಲಿ ಭೌತ, ರಸಾಯನ, ಜೀವಶಾಸ್ತ್ರ ಓದಿರಲೇಬೇಕು. ಅವಳದು ಕಲಾ ವಿಭಾಗ, ಆ ಬಾಗಿಲು ಇಲ್ಲ. ಆದರೆ ಮೂರು ವರ್ಷದ ಜಿಎನ್‌ಎಂಗೆ, ಅಂದರೆ ಜನರಲ್ ನರ್ಸಿಂಗ್ ಮತ್ತು ಮಿಡ್‌ವೈಫರಿ ಡಿಪ್ಲೊಮಾಕ್ಕೆ, ಯಾವ ವಿಭಾಗವಾದರೂ ಆಗುತ್ತದೆ, ಒಟ್ಟಾರೆ ಶೇ. 40, ಇಂಗ್ಲಿಷಿನಲ್ಲೂ ಶೇ. 40 ಬೇಕು. ಅದು ಮುಗಿದು ನೋಂದಣಿಯಾದ ಮೇಲೆ ಎರಡು ವರ್ಷದ ಪೋಸ್ಟ್ ಬೇಸಿಕ್ ಬಿ.ಎಸ್ಸಿ. ಮಾಡಿದರೆ ಪದವಿಯೂ ಕೈಗೆ ಬರುತ್ತದೆ. ವಯಸ್ಸಿನ ಮಿತಿ 35, ಹಾಗಾಗಿ ಅವಳಿಗೆ ಅವಸರವಿಲ್ಲ. ಕೊನೆಯ ವರ್ಷ ಬಿಟ್ಟು ಬರುವುದು ನಮಗೆ ಸುತರಾಂ ಸರಿಯೆನಿಸಲಿಲ್ಲ. ಡಿಗ್ರಿ ಮುಗಿಸಿಯೇ ಬಾ ಎಂದೆವು. ಫೀಸು ಕಟ್ಟುವ ಮೊದಲು ಕಾಲೇಜಿನ ಹೆಸರು ಭಾರತೀಯ ನರ್ಸಿಂಗ್ ಕೌನ್ಸಿಲ್ ಮತ್ತು ರಾಜ್ಯ ನರ್ಸಿಂಗ್ ಕೌನ್ಸಿಲ್, ಎರಡರ ಪಟ್ಟಿಯಲ್ಲೂ ಇದೆಯೇ ಎಂದು ತಾನೇ ನೋಡಬೇಕು, ದಲ್ಲಾಳಿಯ ಮಾತು ನಂಬಬಾರದು. ಮಾನ್ಯತೆ ಇಲ್ಲದ ಕಡೆ ಓದಿದರೆ ನೋಂದಣಿ ಸಿಗುವುದಿಲ್ಲ, ಮೂರು ವರ್ಷ ನೀರಿನಲ್ಲಿ ಹೋಮ.

"ನಂಗೆ ಸೈನ್ಸ್ ಬರಲ್ಲ" ಎಂದಳು. ವೈದ್ಯಶಾಸ್ತ್ರದ ಪದಗಳಿಗೆ ಅವಳು ಹೆದರಬೇಕಿಲ್ಲ. ಸಂಧಿ, ಸಮಾಸ ಬಿಡಿಸಿದ ಕೈ ಅದು. 'ಹೈಪೋ' ಎಂದರೆ ಕಡಿಮೆ, 'ಹೈಪರ್' ಎಂದರೆ ಹೆಚ್ಚು, 'ಬ್ರಾಡಿ' ನಿಧಾನ, 'ಟ್ಯಾಕಿ' ವೇಗ, ಕೊನೆಯಲ್ಲಿ 'ಐಟಿಸ್' ಬಂದರೆ ಉರಿಯೂತ. ಇಪ್ಪತ್ತು ಮೂವತ್ತು ಇಂಥ ತುಂಡು ಗೊತ್ತಾದರೆ ನೂರಾರು ಪದ ತಾವಾಗಿ ಬಿಚ್ಚಿಕೊಳ್ಳುತ್ತವೆ.

ಕಲಾ ವಿಭಾಗದಿಂದ ಬಂದವರು ಎಡವುವುದು ಲೆಕ್ಕದಲ್ಲಿ. ಅಜ್ಜಿಯ ಡ್ರಿಪ್ಪಿನಲ್ಲೇ ತೋರಿಸಿದೆವು. 500 ಮಿಲಿ, ನಾಲ್ಕು ಗಂಟೆಯಲ್ಲಿ ಹೋಗಬೇಕು. ಈ ಸೆಟ್ಟಿನಲ್ಲಿ, ಅಂದರೆ ಡ್ರಿಪ್ಪಿನ ಕೊಳವೆಯಲ್ಲಿ, ಒಂದು ಮಿಲಿಗೆ 20 ಹನಿ. 500ನ್ನು 20ರಿಂದ ಗುಣಿಸಿ 240 ನಿಮಿಷದಿಂದ ಭಾಗಿಸಿದರೆ ನಿಮಿಷಕ್ಕೆ ಸುಮಾರು 42 ಹನಿ. ಮಿಲಿಗೆ ಎಷ್ಟು ಹನಿ ಎಂಬುದು ಸೆಟ್ಟಿನ ಕವರಿನ ಮೇಲೆ ಇರುತ್ತದೆ. ಮಕ್ಕಳಿಗೆ ಹಾಕುವ ಮೈಕ್ರೋ ಸೆಟ್ಟಿನಲ್ಲಿ 60. ಕವರು ಓದದೆ ಎಸೆದು, ಅಭ್ಯಾಸಬಲದಿಂದ ಲೆಕ್ಕ ಹಾಕಿದರೆ ಮೂರು ಪಟ್ಟು ವ್ಯತ್ಯಾಸ. ಇನ್ಸುಲಿನ್ ಇನ್ನೂ ಅಪಾಯದ್ದು: ಮಿಲಿಗೆ 40 ಯೂನಿಟ್ಟಿನ ಸೀಸೆಗೆ 40ರದೇ ಸಿರಿಂಜು, 100ರದಕ್ಕೆ 100ರದೇ. 100ರ ಇನ್ಸುಲಿನ್ನನ್ನು 40ರ ಸಿರಿಂಜಿನಲ್ಲಿ ಎಳೆದರೆ ಎರಡೂವರೆ ಪಟ್ಟು ಔಷಧ ಮೈಗೆ ಹೋಗುತ್ತದೆ, ಸಕ್ಕರೆ ಕುಸಿದು ಪ್ರಜ್ಞೆ ತಪ್ಪಬಹುದು.

ಅವಳು ಕೈಗಡಿಯಾರ ಹಿಡಿದು ಹನಿ ಎಣಿಸಿದಳು. ಹದಿನೈದು ಸೆಕೆಂಡಿಗೆ ಹದಿನಾಲ್ಕು. ಹತ್ತು ಹನ್ನೊಂದು ಇರಬೇಕಿತ್ತು. ಅಜ್ಜಿ ಕೈ ಚಾಚಿದಾಗ ವೇಗ ಬದಲಾಗಿತ್ತು. ಕೊಳವೆಯ ಮೇಲೆ ಹನಿಯ ವೇಗ ಹೊಂದಿಸುವ ರೋಲರನ್ನು ಸ್ವಲ್ಪ ಬಿಗಿಮಾಡಿ ಮತ್ತೆ ಎಣಿಸಿದೆವು. ಒಮ್ಮೆ ಸರಿಮಾಡಿ ಹೋದರೆ ಆಗುವುದಿಲ್ಲ, ಅರ್ಧ ಗಂಟೆಗೊಮ್ಮೆಯಾದರೂ ಬಂದು ನೋಡಬೇಕು.

ಹೇಸಿಗೆಯ ವಿಷಯವನ್ನೂ ಮುಚ್ಚಿಡಲಿಲ್ಲ. ಬೆಡ್ ಪ್ಯಾನ್ ಕೊಡುವುದು, ಎದ್ದೇಳಲಾಗದವರನ್ನು ಎರಡು ಗಂಟೆಗೊಮ್ಮೆ ಹೊರಳಿಸುವುದು, ರಾತ್ರಿ ಪಾಳಿ, ಹಬ್ಬದ ದಿನದ ಡ್ಯೂಟಿ. "ಅವ್ವನಿಗೆ ಎರಡು ದಿನದಿಂದ ನಾನೇ ತಾನೇ ಮಾಡ್ತಿರೋದು" ಎಂದಳು. ತನ್ನ ಅಜ್ಜಿಗೆ ಮಾಡುವುದಕ್ಕೂ ಗುರುತಿಲ್ಲದ ಹನ್ನೆರಡು ಮಂದಿಗೆ ಒಂದೇ ಪಾಳಿಯಲ್ಲಿ ಮಾಡುವುದಕ್ಕೂ ಅಂತರವಿದೆ, ಅದನ್ನು ಯೋಚಿಸು ಎಂದೆವು. ಅವಳು ಉತ್ತರ ಕೊಡಲಿಲ್ಲ.

ಮರುದಿನ ಡಿಸ್ಚಾರ್ಜಿಗೆ ಮೊದಲು ಅವಳು ಆ ಧಾರವಾಡದ ಹುಡುಗಿಯ ಕೈಗೆ ಒಂದು ಹಾಳೆ ಕೊಟ್ಟಳು. ತೆಲುಗು ಮಾತು, ಕನ್ನಡ ಲಿಪಿ, ಎದುರಿಗೆ ಅರ್ಥ. ಮೊದಲ ಸಾಲು 'ಕಂಡ್ಲು ತಿರಗತಾಂಡಾಯಿ'. ಎರಡನೆಯದು ಎಬ್ಬಿಸುವಾಗ ಹೇಳಬೇಕಾದದ್ದು: 'ನಿದಾನಂಗಾ ಲೇಯಿ ಅವ್ವಾ'. ಹಾಳೆ ಈಗ ನರ್ಸಿಂಗ್ ಸ್ಟೇಷನ್ನಿನ ಗೋಡೆಯ ಮೇಲಿದೆ, ಕೆಳಗೆ ಬೇರೆಯವರೂ ಸಾಲು ಸೇರಿಸಿದ್ದಾರೆ.